ಕೇಸ್ ಆಗುವ ಮುಂಚೆ ಚಿಕಿತ್ಸೆ: ಬೆಳಗಾವಿ, ಖಾನಾಪುರದಲ್ಲಿ ಎಲ್ಲಿ ಕೇಳಬೇಕು, ಕಾನೂನು ಏನು ಹೇಳುತ್ತೆ?

ಬೆಳಗಾವಿ/ಖಾನಾಪುರ: ಬಸ್ ಸ್ಟ್ಯಾಂಡ್ ಹತ್ತಿರದ ಚಹಾ ಅಂಗಡಿ ಮುಂದೆ ಹುಡುಗನೊಬ್ಬ ದಿನಾ ಬಂದು ನಿಲ್ಲುತ್ತಾನೆ. ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ. ಒಂದು ದಿನ ಗಿರಾಕಿ ಮೇಲೆ ಕೈ ಎತ್ತುತ್ತಾನೆ, ಇನ್ನೊಂದು ದಿನ ಗಾಜಿನ ಬರಣಿ ಒಡೆಯುತ್ತಾನೆ. ‘ತಲಿ ಕೆಟ್ಟೈತಿ, ಪೊಲೀಸರಿಗೆ ಹಿಡದ ಕೊಡ್ರಿ’ ಅಂತ ಒಬ್ಬರು. ‘ನಾಕ ಬಿಟ್ರ ಸರಿ ಆಗ್ತಾನ’ ಅಂತ ಇನ್ನೊಬ್ಬರು. ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ.

ಇಂಥ ಪ್ರಸಂಗ ಯಾವ ಪೇಟೆಗೂ ಹೊಸದಲ್ಲ. ಆದರೆ ಹೊಡೆತ, ಲಾಕಪ್ ಎರಡನ್ನೂ ಬಿಟ್ಟು ಮೂರನೇ ದಾರಿ ಒಂದಿದೆ. ಅದು ಗೊತ್ತಿದ್ದರೆ ಅಂಗಡಿಯೂ ಉಳಿಯುತ್ತೆ, ಆ ಹುಡುಗನ ಬದುಕೂ ಉಳಿಯುತ್ತೆ.

ಮೊದಲು ಒಂದು ಮಾತು

ಮಾನಸಿಕ ಕಾಯಿಲೆ ಇರುವವರೆಲ್ಲ ಅಪಾಯಕಾರಿ ಅನ್ನುವುದು ತಪ್ಪು. ಅವರಲ್ಲಿ ಹೆಚ್ಚಿನವರು ಯಾರಿಗೂ ತೊಂದರೆ ಕೊಡುವುದಿಲ್ಲ. ಬದಲಿಗೆ ತಾವೇ ಏಟು, ಮೋಸಕ್ಕೆ ಸಿಗುವುದು ಜಾಸ್ತಿ. ತೀವ್ರ ಕಾಯಿಲೆಗೆ ಚಿಕಿತ್ಸೆ ಇಲ್ಲದಾಗ, ಅದರ ಜೊತೆಗೆ ಸಾರಾಯಿ ಅಥವಾ ಗಾಂಜಾ ಸೇರಿದಾಗ ಜಗಳ, ಹೊಡೆದಾಟದ ಸಂಭವ ಹೆಚ್ಚುತ್ತದೆ.

ಮನೆಯವರು ಗಮನಿಸಬೇಕಾದ ಗುರುತುಗಳು:

• ನಾಲ್ಕಾರು ರಾತ್ರಿ ನಿದ್ದೆಯೇ ಇಲ್ಲದಿರುವುದು
• ಯಾರೂ ಇಲ್ಲದಿದ್ದರೂ ದನಿ ಕೇಳುತ್ತಿದೆ ಅನ್ನುವುದು
• ‘ಬಾಜೂ ಮನೆಯವರು ವಿಷ ಹಾಕುತ್ತಾರೆ’ ಎಂಬಂಥ ಬಲವಾದ ಸಂಶಯ
• ನಡೆಯುತ್ತಿದ್ದ ಗುಳಿಗೆ ಏಕಾಏಕಿ ಬಿಡುವುದು
• ಕುಡಿತ ಹೆಚ್ಚಾಗುವುದು, ಕುಡುಗೋಲು, ಚಾಕು ಹತ್ತಿರ ಇಟ್ಟುಕೊಳ್ಳುವುದು

ಎಲ್ಲಿಗೆ ಹೋಗಬೇಕು?

ಫೋನ್: ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಕನ್ನಡ, ಮರಾಠಿ ಎರಡರಲ್ಲೂ ಸಿಗುತ್ತದೆ. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯಿಂದ ಊರಿಗೆ ಬರಲು ಆಗದವರು ಮೊದಲು ಇಲ್ಲಿಗೆ ಫೋನ್ ಮಾಡಬಹುದು. ಕಾಯಿಲೆಯವರೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು. ಕುಡಿತ, ಚಟ ಬಿಡಿಸುವ ಬಗ್ಗೆ 14446ಕ್ಕೆ ಕರೆ ಮಾಡಿ.

ತಾಲೂಕು ಆಸ್ಪತ್ರೆ: ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇರುತ್ತದೆ. ಖಾನಾಪುರಕ್ಕೆ ಡಾಕ್ಟರ್ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿಕೊಂಡು ಹೊರಡಿ.

ಬೆಳಗಾವಿ: ಬಿಮ್ಸ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ.

ಊರ ಹತ್ತಿರವೇ ಚಿಕಿತ್ಸೆ ಕೊಡುವ ಈ ಪದ್ಧತಿ ನಮ್ಮ ರಾಜ್ಯದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಇದನ್ನು ನಡೆಸಿ ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು.

ಪೊಲೀಸರನ್ನು ಕರೆಯಬಾರದೇ?

ಕರೆಯಬಹುದು. ಜೀವಕ್ಕೆ ಅಪಾಯ ಇದ್ದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ. ‘ಕಳ್ಳ’, ‘ಗೂಂಡಾ’ ಅನ್ನುವ ಬದಲು, ‘ಮಾನಸಿಕ ಕಾಯಿಲೆ ಇದ್ದಂಗ ಕಾಣಸ್ತದ’ ಎಂದು ಸ್ಪಷ್ಟವಾಗಿ ಹೇಳಿ. ಆ ಒಂದು ಮಾತಿನಿಂದ ಮುಂದಿನ ದಾರಿಯೇ ಬದಲಾಗಬಹುದು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 100ನೇ ಕಲಂ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಹೀಗೆ ರಕ್ಷಣೆಗೆ ತೆಗೆದುಕೊಂಡವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಮನೆ ಮಠ ಇಲ್ಲದೆ ಅಲೆಯುವವರಾದರೆ ಕಾಣೆಯಾದ ವ್ಯಕ್ತಿ ಎಂದು ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು.

ತುರ್ತು ಇದ್ದಾಗ ಮನೋವೈದ್ಯರೇ ಬರಬೇಕೆಂದಿಲ್ಲ. 94ನೇ ಕಲಂನಂತೆ ಜೀವಹಾನಿ ಅಥವಾ ಆಸ್ತಿಗೆ ದೊಡ್ಡ ನಷ್ಟ ತಪ್ಪಿಸಲು ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು.

ಮನೆಯಲ್ಲಿ ಸರಪಳಿ ಹಾಕಿ ಕಟ್ಟಿಹಾಕುವುದು ಮಾತ್ರ ಬೇಡ. ಚಿಕಿತ್ಸೆ ಸಿಗದೆ, ಹಿಂಸೆ ಅನುಭವಿಸುತ್ತಾ ಯಾರಾದರೂ ಹೀಗೆ ಬಿದ್ದಿದ್ದರೆ 101ನೇ ಕಲಂ ಪ್ರಕಾರ ನೆರೆಹೊರೆಯವರೂ ಠಾಣೆಗೆ ತಿಳಿಸಬಹುದು.

ಕೇಸ್ ಆಗಿಬಿಟ್ಟರೆ?

ಕಾಯಿಲೆ ಇದೆ ಅಂದಮಾತ್ರಕ್ಕೆ ಕೇಸ್ ಬಿದ್ದುಹೋಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಕೇಳುವುದೇ ಬೇರೆ: ಕೃತ್ಯ ನಡೆದ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅನ್ನುವ ಅರಿವೇ ಇರಲಿಲ್ಲ ಎಂದು ಕೋರ್ಟಿನಲ್ಲಿ ತೋರಿಸಬೇಕು. ಆಗ ಹಳೇ ಚೀಟಿ, ಆಸ್ಪತ್ರೆಯ ಕಾಗದ ಬಹಳ ಕೆಲಸಕ್ಕೆ ಬರುತ್ತವೆ. ಅವನ್ನು ಒಂದು ಫೈಲ್‌ನಲ್ಲಿ ಜೋಪಾನ ಮಾಡಿ. ತಾನಾಗಿ ಕುಡಿದು ಮಾಡಿದ್ದಕ್ಕೆ ಈ ರಿಯಾಯಿತಿ ಇಲ್ಲ.

ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಅಥವಾ ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಾನಸಿಕ ಕಾಯಿಲೆ ಇರುವವರಿಗೆ, ಬಂಧನದಲ್ಲಿರುವವರಿಗೆ ನೆರವು ಉಚಿತ. ಸಹಾಯವಾಣಿ 15100.

ಸಣ್ಣ ತಪ್ಪಿಗೆ ಮೊದಲ ಬಾರಿ ಸಿಕ್ಕಿಬಿದ್ದವರನ್ನು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಒಳ್ಳೇ ನಡತೆಯ ಬಾಂಡ್ ಬರೆಸಿಕೊಂಡು ಬಿಡುವ ಅಧಿಕಾರ ಕೋರ್ಟಿಗಿದೆ. ಕುಡಿಯಬಾರದು ಎಂಬ ಷರತ್ತನ್ನೂ ಹಾಕಬಹುದು. ಬಾಂಡ್ ಮುರಿದರೆ ಮತ್ತೆ ಕೋರ್ಟೇ ಗತಿ.

ಹಿಂಡಲಗಾ ಕೇಂದ್ರ ಕಾರಾಗೃಹದಿಂದ ಬಿಡುಗಡೆಯಾಗಿ ಬರುವವರ ಮನೆಯವರು ಒಂದನ್ನು ಮರೆಯಬಾರದು. ಒಳಗೆ ಯಾವ ಗುಳಿಗೆ ನಡೆದಿತ್ತು ಅಂತ ಚೀಟಿ ಕೇಳಿ ಪಡೆಯಿರಿ, ಅದೇ ವಾರ ಡಾಕ್ಟರಿಗೆ ತೋರಿಸಿ. ಗುಳಿಗೆ ತಪ್ಪಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು.

ಅಂಗಡಿಕಾರರಿಗೆ

• ಮಂದಿ ಗುಂಪು ಕಟ್ಟಲು ಬಿಡಬೇಡಿ. ಒಬ್ಬರೇ, ಸಣ್ಣ ದನಿಯಲ್ಲಿ ಮಾತಾಡಿ.
• ವಾದ ಮಾಡಬೇಡಿ, ಚೇಷ್ಟೆ ಮಾಡಬೇಡಿ. ‘ಊಟ ಆತೇನಪಾ? ಕೂಡು, ನೀರ ಕುಡಿ’ ಅನ್ನುವ ಮಾತು ಎಷ್ಟೋ ಸಲ ಸಾಕು.
• ಚಾಕು, ಗಾಜು, ಬಿಸಿ ಎಣ್ಣೆ ದೂರ ಸರಿಸಿ. ಹೊರಗೆ ಹೋಗುವ ದಾರಿ ಅಡ್ಡಗಟ್ಟಬೇಡಿ.
• ವಿಡಿಯೋ ಮಾಡಿ ವಾಟ್ಸ್‌ಆಪ್ ಗ್ರೂಪಿಗೆ ಹಾಕಬೇಡಿ. ನಾಳೆ ಅವನು ಹುಷಾರಾಗಿ ನಿಮ್ಮ ಅಂಗಡಿಗೇ ಕೆಲಸ ಕೇಳಿಕೊಂಡು ಬರಬಹುದು.
• ಗುರುತಿನವನಾದರೆ ಮನೆಯವರಿಗೆ ಹೇಳಿ. ಬೈಗುಳದ ಬದಲು 14416 ನಂಬರ್ ಕೊಡಿ.

ಈ ನಂಬರ್‌ಗಳನ್ನು ಗಲ್ಲಾಪೆಟ್ಟಿಗೆ ಹತ್ತಿರ ಬರೆದು ಅಂಟಿಸಿಡಿ: ಮಾನಸಿಕ ನೆರವು 14416, ಚಟ ಬಿಡಿಸಲು 14446, ತುರ್ತು 112, ಕಾನೂನು ನೆರವು 15100, ಮಕ್ಕಳಾದರೆ 1098.