ಗೃಹ ಗಣಕಜಾಲದ ದೋಷನಿವಾರಣೆ

ಗೃಹ ಗಣಕಜಾಲದ ದೋಷನಿವಾರಣೆ ಎಂಬುದು ಒಂದೇ ಅಂತರಜಾಲ ಸಂಪರ್ಕವನ್ನು ಹಂಚಿಕೊಂಡಿರುವ ಮನೆಯ ಗಣಕಯಂತ್ರ, ಮೊಬೈಲ್, ಮುದ್ರಕ ಮೊದಲಾದ ಸಾಧನಗಳಲ್ಲಿ ಸಂಪರ್ಕವು ಕಡಿದಾಗ ಅಥವಾ ನಿಧಾನವಾದಾಗ, ದೋಷವಿರುವ ಜಾಗವನ್ನು ಕ್ರಮವಾಗಿ ಹುಡುಕಿ ಸರಿಪಡಿಸುವ ವಿಧಾನವಾಗಿದೆ. "ಇಂಟರ್ನೆಟ್ ಬರುತ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಸಡಿಲವಾದ ತಂತಿಯಿಂದ ಹಿಡಿದು ತಪ್ಪಾದ ಗಡಿಯಾರದವರೆಗೆ ಹತ್ತಾರು ಕಾರಣಗಳಿರಬಹುದು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಶಾಲೆ, ಕಚೇರಿಗಳೆರಡೂ ಮನೆಯೊಳಗೆ ಬಂದ ಮೇಲೆ, ಅದುವರೆಗೆ ತಂತ್ರಜ್ಞರ ವಿಷಯವಾಗಿದ್ದ ಈ ತಿಳಿವಳಿಕೆ ಸಾಮಾನ್ಯ ಗೃಹಸ್ಥರಿಗೂ ಅಗತ್ಯವಾಯಿತು.

ಹಿನ್ನೆಲೆ

ಅಂತರಜಾಲದ ನಾಲ್ಕನೆಯ ಆವೃತ್ತಿಯ ಐಪಿ ವಿಳಾಸವು 32 ಬಿಟ್‌ಗಳಷ್ಟು ಉದ್ದವಾಗಿದ್ದು, ಇದರಿಂದ ದೊರೆಯುವ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಪ್ರತಿ ಸಾಧನಕ್ಕೂ ಪ್ರತ್ಯೇಕ ವಿಳಾಸ ಕೊಡಲು ಇದು ಸಾಲದು. ಆದ್ದರಿಂದ ಮನೆಯೊಳಗಿನ ಸಾಧನಗಳಿಗೆ ಖಾಸಗಿ ವಿಳಾಸಗಳನ್ನು ಕೊಟ್ಟು, ಹೊರಜಗತ್ತಿಗೆ ಒಂದೇ ವಿಳಾಸವನ್ನು ತೋರಿಸುವ 'ನ್ಯಾಟ್' ಎಂಬ ವಿಳಾಸಾಂತರ ಕ್ರಮವನ್ನು 1994ರಲ್ಲಿ ವಿವರಿಸಲಾಯಿತು. ಒಂದು ಕಟ್ಟಡಕ್ಕೆಲ್ಲ ಒಂದೇ ಅಂಚೆ ವಿಳಾಸವಿದ್ದು, ಬಂದ ಪತ್ರಗಳನ್ನು ಕಾವಲುಗಾರ ಆಯಾ ಮನೆಗೆ ತಲುಪಿಸುವಂತೆಯೇ ಇದು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಒಂದು ಗಣಕಯಂತ್ರವೇ ತನ್ನ ಸಂಪರ್ಕವನ್ನು ಇತರ ಯಂತ್ರಗಳಿಗೆ ಹಂಚುವ ಸೌಲಭ್ಯವಿತ್ತು. ಆ ಯಂತ್ರವನ್ನು ಆರಿಸಿದರೆ ಮನೆಯವರೆಲ್ಲರ ಸಂಪರ್ಕವೂ ನಿಲ್ಲುತ್ತಿತ್ತು. ಈಗ ಆ ಕೆಲಸವನ್ನು ರೂಟರ್ ಮಾಡುತ್ತದೆ.

ಹುಡುಕುವ ಕ್ರಮ

ಮೊದಲು ಕೇಳಬೇಕಾದ ಪ್ರಶ್ನೆ, ತೊಂದರೆ ಒಂದೇ ಸಾಧನಕ್ಕೋ ಎಲ್ಲಕ್ಕೋ ಎಂಬುದು. ಗಣಕಯಂತ್ರದಲ್ಲಿ ಸಂಪರ್ಕವಿಲ್ಲದೆ, ಅದೇ ವೈಫೈ ಬಳಸುವ ಮೊಬೈಲಿನಲ್ಲಿ ಇದ್ದರೆ, ಸೇವಾದಾರರಿಗೆ ದೂರು ಕೊಟ್ಟು ಪ್ರಯೋಜನವಿಲ್ಲ. ದೋಷ ಆ ಗಣಕಯಂತ್ರದಲ್ಲೇ ಇದೆ. ಹೀಗೆ ನೋಡುವಾಗ ಮೊಬೈಲಿನ ಸ್ವಂತ ಡೇಟಾ ಸಂಪರ್ಕವನ್ನು ಆರಿಸಿರಬೇಕು, ಇಲ್ಲವಾದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಎಲ್ಲ ಸಾಧನಗಳಲ್ಲೂ ಸಂಪರ್ಕವಿಲ್ಲದಿದ್ದರೆ ರೂಟರಿನ ದೀಪಗಳನ್ನು ನೋಡಬೇಕು. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ 'ಲಾಸ್' ಎಂದು ಗುರುತಿಸಿದ ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತ ಬರುತ್ತಿಲ್ಲವೆಂದರ್ಥ. ಎಳೆ ತುಂಡಾಗಿರಬಹುದು, ಅತಿಯಾಗಿ ಬಾಗಿರಬಹುದು.

ಮುಂದಿನ ಹಂತದಲ್ಲಿ 'ಪಿಂಗ್' ಎಂಬ ಆಜ್ಞೆ ನೆರವಾಗುತ್ತದೆ. ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ 1983ರಲ್ಲಿ ಬರೆದ ಈ ಪುಟ್ಟ ತಂತ್ರಾಂಶಕ್ಕೆ, ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಆಲಿಸುವ ಸೋನಾರ್ ಯಂತ್ರದ ಸದ್ದಿನಿಂದ ಹೆಸರು ಬಂದಿದೆ. ಹತ್ತಿರದಿಂದ ದೂರಕ್ಕೆ ಪಿಂಗ್ ಮಾಡುತ್ತ ಹೋಗುವುದು ಕ್ರಮ: ಮೊದಲು 127.0.0.1, ಅಂದರೆ ಯಂತ್ರ ತನ್ನನ್ನೇ ಕರೆಯುವುದು. ಬಳಿಕ ರೂಟರಿನ ವಿಳಾಸ, ಅನೇಕ ಮನೆಗಳಲ್ಲಿ ಅದು 192.168.1.1, ಅನಂತರ 8.8.8.8ರಂತಹ ಹೊರಗಿನ ವಿಳಾಸ. ಕೊನೆಗೆ ಯಾವುದಾದರೂ ಜಾಲತಾಣದ ಹೆಸರು. ಉತ್ತರ ಎಲ್ಲಿ ನಿಲ್ಲುತ್ತದೆಯೋ ಅದರ ಆಸುಪಾಸಿನಲ್ಲೇ ದೋಷವಿರುತ್ತದೆ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್ಎಸ್ ಸೇವೆ ಕೆಟ್ಟಿದೆಯೆಂದು ತಿಳಿಯಬಹುದು. ಆದರೆ ಪಿಂಗ್‌ಗೆ ಉತ್ತರ ಕೊಡದಂತೆ ಕೆಲವು ಸಾಧನಗಳನ್ನು ಅಗ್ನಿಗೋಡೆಯು ತಡೆದಿರುತ್ತದೆ. ಮೌನವನ್ನೇ ದೋಷವೆಂದು ತೀರ್ಮಾನಿಸುವುದು ಅವಸರವಾದೀತು.

ವಿಳಾಸದಿಂದ ತಿಳಿಯುವುದು

ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್' ಎಂಬ ಆಜ್ಞೆ ಯಂತ್ರದ ವಿಳಾಸವನ್ನು ತೋರಿಸುತ್ತದೆ. ಅದು 169.254 ಎಂದು ಆರಂಭವಾದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯಿಂದ ಉತ್ತರ ಬಾರದೆ ಯಂತ್ರವೇ ತನಗೊಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಇಂತಹ ವಿಳಾಸದಿಂದ ಹೊರಗೆ ಹೋಗಲಾಗದು. ತಂತಿ, ರೂಟರಿನ ಕಿಂಡಿ, ವೈಫೈ ಗುಪ್ತಪದಗಳನ್ನು ಆಗ ಪರೀಕ್ಷಿಸಬೇಕು.

ಎರಡು ರೂಟರ್‌ಗಳ ತೊಡಕು

ಮಹಡಿಗೆ ಸಂಕೇತ ತಲುಪುವುದಿಲ್ಲವೆಂದು ಹಳೆಯ ರೂಟರನ್ನು ಹೊಸದಕ್ಕೆ ಜೋಡಿಸುವುದು ವಾಡಿಕೆ. ಮನೆಗಳಲ್ಲಿ ಕಂಡುಹಿಡಿಯಲು ಅತ್ಯಂತ ಕಷ್ಟವಾದ ದೋಷಗಳಲ್ಲಿ ಕೆಲವು ಇಲ್ಲಿಂದಲೇ ಹುಟ್ಟುತ್ತವೆ. ಎರಡರ ಲ್ಯಾನ್ ಕಿಂಡಿಗಳನ್ನು ಜೋಡಿಸಿದಾಗ, ಎರಡೂ ವಿಳಾಸ ಹಂಚಲು ತೊಡಗುತ್ತವೆ. ಯಾವ ಸಾಧನಕ್ಕೆ ಯಾರ ಉತ್ತರ ಮೊದಲು ಬಂದಿತೋ ಅದು ಆ ರೂಟರನ್ನೇ ಹೆಬ್ಬಾಗಿಲೆಂದು ನಂಬುತ್ತದೆ. ಹಳೆಯ ರೂಟರಿನ ಹಿಂದೆ ಅಂತರಜಾಲವೇ ಇಲ್ಲ. ಹೀಗಾಗಿ ಬೆಳಿಗ್ಗೆ ಸರಿಯಿದ್ದ ಯಂತ್ರ ಸಂಜೆ ಕೈಕೊಡುತ್ತದೆ, ಒಬ್ಬರಿಗೆ ಸಿಕ್ಕ ಸಂಪರ್ಕ ಪಕ್ಕದಲ್ಲೇ ಕುಳಿತ ಇನ್ನೊಬ್ಬರಿಗೆ ಸಿಗುವುದಿಲ್ಲ. ಎರಡರ ವಿಳಾಸವೂ 192.168.1.1 ಆಗಿದ್ದರೆ ಗೊಂದಲ ಇಮ್ಮಡಿ. ಹಳೆಯ ರೂಟರಿನ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿ, ಅದಕ್ಕೆ 192.168.1.2ರಂತಹ ಬೇರೆ ವಿಳಾಸ ಕೊಟ್ಟು, ಹೊಸ ರೂಟರು ಆ ವಿಳಾಸವನ್ನು ಬೇರಾರಿಗೂ ಹಂಚದಂತೆ ನೋಡಿಕೊಂಡರೆ ತೊಡಕು ಪರಿಹಾರವಾಗುತ್ತದೆ. ಹಳೆಯದರ ವ್ಯಾನ್ ಕಿಂಡಿಗೆ ತಂತಿ ಜೋಡಿಸಿದರೆ ಅಂತರಜಾಲವೇನೋ ಸಿಗುತ್ತದೆ, ಆದರೆ ಮಹಡಿಯವರು ಬೇರೆಯೇ ಜಾಲದವರಾಗುತ್ತಾರೆ. ಕೆಳಗಿನ ಯಂತ್ರಗಳಿಗೆ ಮಹಡಿಯ ಮುದ್ರಕ ಕಾಣಿಸುವುದಿಲ್ಲ.

ತಂತಿ ಮತ್ತು ನಿಸ್ತಂತು ದೋಷಗಳು

ಈಥರ್ನೆಟ್ ತಂತಿಯೊಳಗೆ ನಾಲ್ಕು ಜೋಡಿ ಎಳೆಗಳಿರುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, 1000 ಮೆಗಾಬಿಟ್‌ಗೆ ನಾಲ್ಕೂ ಬೇಕು. ದೊಡ್ಡ ವೇಗದ ಯೋಜನೆಗೆ ಹಣ ತೆತ್ತೂ ವೇಗವು 100ರ ಆಸುಪಾಸಿನಲ್ಲೇ ನಿಂತಿದ್ದರೆ ಒಂದೆಳೆ ಮುರಿದಿರುವ ಸಾಧ್ಯತೆಯುಂಟು.

ವೈಫೈನ 2.4 ಗಿಗಾಹರ್ಟ್ಸ್ ತರಂಗ ದೂರ ಹೋಗುತ್ತದೆ, ಆದರೆ ಮೈಕ್ರೊವೇವ್ ಒಲೆ, ಬ್ಲೂಟೂತ್, ನೆರೆಮನೆಯ ರೂಟರ್‌ಗಳು ಎಲ್ಲವೂ ಅದೇ ಪಟ್ಟಿಯಲ್ಲಿವೆ. ಇಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಐದು ಗಿಗಾಹರ್ಟ್ಸ್ ವೇಗವಾದುದು, ಗೋಡೆಗಳನ್ನು ದಾಟುವಲ್ಲಿ ದುರ್ಬಲ. ಕರಾವಳಿಯ ಹಳೆಯ ಮನೆಗಳ ದಪ್ಪನೆಯ ಜಂಬಿಟ್ಟಿಗೆ ಗೋಡೆ, ಕಬ್ಬಿಣದ ಸರಳಿರುವ ಕಾಂಕ್ರೀಟ್ ತಾರಸಿ, ಉಕ್ಕಿನ ಬೀರು ಇವೆಲ್ಲ ಸಂಕೇತವನ್ನು ಕುಗ್ಗಿಸುತ್ತವೆ. ರೂಟರನ್ನು ಟಿವಿಯ ಹಿಂದೆ ಬಚ್ಚಿಡುವ ಬದಲು ಮನೆಯ ನಡುವೆ ಎತ್ತರದಲ್ಲಿ ಇಡುವುದು ಖರ್ಚಿಲ್ಲದ ಪರಿಹಾರ.

ಜಾಲವಲ್ಲದ ಕಾರಣಗಳು

ಹಳೆಯ ಗಣಕಯಂತ್ರದ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ಆ ಯಂತ್ರದ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿರುವುದಿಲ್ಲ, ಬ್ರೌಸರ್ ಅವನ್ನು ತೆರೆಯಲು ಒಪ್ಪುವುದಿಲ್ಲ. ಸಂಪರ್ಕ ಸರಿಯಿದ್ದೂ ಪುಟ ಬಾರದಿರುವುದಕ್ಕೆ ಇದೊಂದು ಕಾರಣ. ಅಗ್ನಿಗೋಡೆಯನ್ನು ಕ್ಷಣಕಾಲ ಆರಿಸಿ ನೋಡುವ ಪದ್ಧತಿಯೂ ಇದೆ. ಪರೀಕ್ಷೆ ಮುಗಿದೊಡನೆ ಮತ್ತೆ ಚಾಲೂ ಮಾಡಲು ಮರೆಯುವವರೇ ಹೆಚ್ಚು.

ಮರುಚಾಲನೆ ಮತ್ತು ಮರುಹೊಂದಿಕೆ

ಇವೆರಡೂ ಒಂದೇ ಅಲ್ಲ. ವಿದ್ಯುತ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕುವ ಮರುಚಾಲನೆಯಿಂದ ಹಾನಿಯಿಲ್ಲ. ರೂಟರಿನ ಹಿಂದಿನ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಎಲ್ಲ ಹೊಂದಿಕೆಗಳೂ ಅಳಿಸಿಹೋಗುತ್ತವೆ. ಸೇವಾದಾರರು ಕೊಟ್ಟ ಬಳಕೆದಾರ ಹೆಸರು, ಗುಪ್ತಪದಗಳು ರೂಟರಿನಲ್ಲೇ ದಾಖಲಾಗಿದ್ದು, ಅವನ್ನು ಯಾರೂ ಬರೆದಿಟ್ಟುಕೊಂಡಿರದಿದ್ದರೆ, ಐದು ನಿಮಿಷದ ತೊಂದರೆ ತಂತ್ರಜ್ಞರು ಬರುವವರೆಗಿನ ದಿನಗಳ ತೊಂದರೆಯಾಗುತ್ತದೆ; ಮಗುವಿನ ಆನ್‌ಲೈನ್ ಪರೀಕ್ಷೆ ಅದೇ ದಿನವಿದ್ದರೆ ಅದೂ ತಪ್ಪಿಹೋಗುತ್ತದೆ. ಗುಂಡಿ ಮುಟ್ಟುವ ಮೊದಲು ಆ ವಿವರಗಳು ಕೈಯಲ್ಲಿವೆಯೇ ಎಂದು ನೋಡಬೇಕು, ರೂಟರಿನ ಹೊಂದಿಕೆಯ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಮರುಹೊಂದಿಕೆಯ ಬಳಿಕ ರೂಟರಿನ ಗುಪ್ತಪದವು ಅದರ ತಳದ ಚೀಟಿಯಲ್ಲಿ ಮುದ್ರಿತವಾದುದಕ್ಕೆ ಮರಳುವುದರಿಂದ ಅದನ್ನು ಕೂಡಲೇ ಬದಲಿಸತಕ್ಕದ್ದು.