ದ್ಯುತಿಪ್ರೇರಿತ ಎಲೆಕ್ಟ್ರಾನ್ ವರ್ಗಾವಣೆ: ಸಂಕರ ನ್ಯಾನೊದ್ರವ್ಯಗಳಲ್ಲಿ

ಬೆಳಕನ್ನು ಹೀರಿ ಉದ್ದೀಪ್ತವಾದ ಸಾವಯವ ಅಣುವೊಂದು ತಾನು ಅಂಟಿಕೊಂಡಿರುವ ನಿರವಯವ ಅರೆವಾಹಕದ ಸೂಕ್ಷ್ಮಕಣಕ್ಕೆ ತನ್ನ ಎಲೆಕ್ಟ್ರಾನನ್ನು ಒಪ್ಪಿಸುವ ಕ್ರಿಯೆ. ಬೆಳಕನ್ನು ಹೀರುವ ಕಾರ್ಯ ಒಂದು ದ್ರವ್ಯದ್ದು, ವಿದ್ಯುದಂಶವನ್ನು ಸಾಗಿಸುವ ಕಾರ್ಯ ಮತ್ತೊಂದರದು ಎಂಬ ಶ್ರಮವಿಭಾಗವೇ ಇದರ ಜೀವಾಳ. ಅದು ಮೊದಲು ಫಲಕೊಟ್ಟುದು ಛಾಯಾಗ್ರಹಣದಲ್ಲಿ.

ದ್ರವದಲ್ಲಿ ಮುಳುಗಿಸಿದ ವಿದ್ಯುದಗ್ರಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ತು ಪ್ರವಹಿಸುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿಯೇ ಕಂಡಿದ್ದನು. ಇತ್ತ ಛಾಯಾಗ್ರಹಣದಲ್ಲಿ, ಫಲಕಗಳ ಬೆಳ್ಳಿಯ ಲವಣಗಳು ಮುಖ್ಯವಾಗಿ ನೀಲ ಮತ್ತು ನೇರಿಳೆ ಕಿರಣಗಳಿಗೆ ಸ್ಪಂದಿಸುತ್ತಿದ್ದುದರಿಂದ, ಹಸುರು ಎಲೆಯೂ ಕೆಂಪು ಹೂವೂ ಚಿತ್ರದಲ್ಲಿ ಕಪ್ಪಾಗಿಯೇ ಮೂಡುತ್ತಿದ್ದುವು. ಸಿಲ್ವರ್ ಬ್ರೋಮೈಡಿಗೆ ತಕ್ಕ ವರ್ಣದ್ರವ್ಯವೊಂದನ್ನು ಬೆರೆಸಿದರೆ, ಆ ವರ್ಣದ್ರವ್ಯವು ಹೀರುವ ಕಿರಣಗಳಿಗೂ ಫಲಕವು ಸಂವೇದಿಯಾಗುವುದೆಂದು ಬರ್ಲಿನ್ನಿನ ಹೆರ್ಮನ್ ವಿಲ್ಹೆಲ್ಮ್ ಫೋಗೆಲ್ 1873ರಲ್ಲಿ ತೋರಿಸಿದನು. 1887ರಲ್ಲಿ ವಿಯೆನ್ನಾದ ಜೇಮ್ಸ್ ಮೋಸರ್ ಇದೇ ಉಪಾಯವನ್ನು ಬೆಳ್ಳಿಯ ವಿದ್ಯುದಗ್ರಗಳಿಗೆ ಅನ್ವಯಿಸಿ, ಎರಿತ್ರೋಸಿನ್ ಲೇಪನದಿಂದ ದ್ಯುತಿವಿದ್ಯುತ್ತು ವೃದ್ಧಿಯಾಗುವುದನ್ನು ಪ್ರಕಟಿಸಿದನು.

ವರ್ಣದ್ರವ್ಯವು ಹರಳಿಗೆ ದಾಟಿಸುವುದು ಕೇವಲ ಶಕ್ತಿಯನ್ನೋ ಅಥವಾ ಎಲೆಕ್ಟ್ರಾನನ್ನೋ ಎಂಬ ವಿವಾದ ಬಹುಕಾಲ ನಡೆಯಿತು. ಜರ್ಮನಿಯ ಹೈನ್ಸ್ ಗೆರಿಷರ್ ಮತ್ತು ಹೆಲ್ಮುಟ್ ಟ್ರಿಬುಚ್ 1968ರಲ್ಲಿ ಸತುವಿನ ಆಕ್ಸೈಡಿನ ಹರಳುಗಳ ಮೇಲೆ ನಡೆಸಿದ ಪ್ರಯೋಗಗಳು ಎಲೆಕ್ಟ್ರಾನ್ ವರ್ಗಾವಣೆಯ ಪಕ್ಷವನ್ನು ಬಲಪಡಿಸಿದುವು. ಆದರೂ ನುಣುಪಾದ ಹರಳಿನ ಮೇಲೆ ಒಂದೇ ಅಣುವಿನಷ್ಟು ದಪ್ಪವಾಗಿ ಹರಡಿದ ವರ್ಣದ್ರವ್ಯವು ಬಿದ್ದ ಬೆಳಕಿನ ಅತ್ಯಲ್ಪ ಭಾಗವನ್ನಷ್ಟೇ ಹೀರಬಲ್ಲುದಾಗಿತ್ತು. ಪದರವನ್ನು ದಪ್ಪವಾಗಿಸಿದರೆ, ಹರಳಿನಿಂದ ದೂರವುಳಿದ ಅಣುಗಳ ಎಲೆಕ್ಟ್ರಾನುಗಳು ಅದನ್ನು ಮುಟ್ಟದೆ ವ್ಯರ್ಥವಾಗುತ್ತಿದ್ದುವು.

ಈ ಇಕ್ಕಟ್ಟಿಗೆ 1991ರಲ್ಲಿ ಲೊಸಾನ್ನಿನ ಬ್ರಯನ್ ಓ'ರೀಗನ್ ಮತ್ತು ಮಿಕಾಯೆಲ್ ಗ್ರೆಟ್ಸೆಲ್ ಪರಿಹಾರವನ್ನಿತ್ತರು. ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳನ್ನು ಬೆಸೆದು ರಚಿಸಿದ ಸುಮಾರು 10 ಮೈಕ್ರೋಮೀಟರ್ ದಪ್ಪದ ರಂಧ್ರಮಯ ಪದರದಲ್ಲಿ ಅಂತಃಪೃಷ್ಠವು ನೂರಾರು ಪಟ್ಟು ಹಿಗ್ಗಿ, ಪ್ರತಿಯೊಂದು ರುಥೇನಿಯಂ ವರ್ಣದ್ರವ್ಯದ ಅಣುವಿಗೂ ಕಣದ ನೇರ ಸಂಪರ್ಕ ದೊರೆತುದರಿಂದ, ಸೌರಕೋಶದ ದಕ್ಷತೆ ಶೇ. 7ನ್ನು ಮೀರಿತು. ಎಲೆಕ್ಟ್ರಾನು ಕಣಕ್ಕೆ ದಾಟಲು ಬಹುವೇಳೆ ಒಂದು ಪಿಕೊಸೆಕೆಂಡಿಗಿಂತಲೂ ಕಡಮೆ ಕಾಲ ಸಾಕು. ಹಿಂದಿರುಗಲು ಮೈಕ್ರೋಸೆಕೆಂಡುಗಳು ಬೇಕು. ಈ ಅಂತರದಲ್ಲಿಯೇ ಕೋಶದೊಳಗಿನ ದ್ರಾವಣದ ಅಯೊಡೈಡು ವರ್ಣದ್ರವ್ಯದ ಎಲೆಕ್ಟ್ರಾನ್ ಕೊರತೆಯನ್ನು ತುಂಬಿಕೊಡುತ್ತದೆ.

ಜಪಾನಿನ ತ್ಸುತೊಮು ಮಿಯಸಾಕರ ತಂಡ 2009ರಲ್ಲಿ ವರ್ಣದ್ರವ್ಯದ ಸ್ಥಾನದಲ್ಲಿ ಸಾವಯವ-ನಿರವಯವ ಭಾಗಗಳು ಕೂಡಿದ ಸೀಸದ ಸಂಕರ ಹರಳಾದ ಪೆರೋವ್‌ಸ್ಕೈಟನ್ನಿರಿಸಿ ಶೇ. 3.8ರ ದಕ್ಷತೆಯನ್ನು ಪಡೆಯಿತು. 2012ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ಮತ್ತು ಸಹಸಂಶೋಧಕರು, ಎಲೆಕ್ಟ್ರಾನನ್ನು ಸ್ವೀಕರಿಸಲಾರದ ಅಲ್ಯೂಮಿನದ ಚೌಕಟ್ಟಿನಲ್ಲಿ ಇಂತಹುದೇ ಪೆರೋವ್‌ಸ್ಕೈಟನ್ನು ತುಂಬಿದಾಗ, ದಕ್ಷತೆ ಕುಗ್ಗುವ ಬದಲು ಶೇ. 10.9ಕ್ಕೇರಿತು. ಹೀರುವ ಮತ್ತು ಸಾಗಿಸುವ ಎರಡು ಕಾರ್ಯಗಳನ್ನೂ ಒಂದೇ ದ್ರವ್ಯ ನಿರ್ವಹಿಸಬಲ್ಲುದೆಂದು ಇದರಿಂದ ವಿದಿತವಾಗಿ, ಫೋಗೆಲನ ಕಾಲದಿಂದ ನಡೆದುಬಂದ ಶ್ರಮವಿಭಾಗವು ಅನಿವಾರ್ಯವಲ್ಲವೆಂದಾಯಿತು.