ಲೋಕಪಾವನಿ ಸೀಮೆಯ ಮಣ್ಣು ಮತ್ತು ನೀರಿನ ರಕ್ಷಣೆ

ಮಂಡ್ಯ ಜಿಲ್ಲೆಯ ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳ ಖುಷ್ಕಿ ಹೊಲಗಳಲ್ಲೂ ಗೋಮಾಳಗಳಲ್ಲೂ ಮೇಲ್ಮಣ್ಣು ಕೊಚ್ಚಿಹೋಗದಂತೆ, ಬಿದ್ದ ಮಳೆ ಅಲ್ಲಲ್ಲೇ ಇಂಗುವಂತೆ 20ನೆಯ ಶತಮಾನದ ನಡುಗಾಲದಲ್ಲಿ ರೈತರೂ ಸರ್ಕಾರವೂ ಕೈಗೊಂಡ ಕೆಲಸಗಳು. ಕಾಲದ ಎಲ್ಲೆಯನ್ನು ಮಂಡ್ಯ ಪ್ರತ್ಯೇಕ ಜಿಲ್ಲೆಯಾದ 1939ರಿಂದ ಹೇಮಾವತಿ ಅಣೆಕಟ್ಟು ಮುಗಿದ 1979ರವರೆಗೆ ಎಂದು ಇಟ್ಟುಕೊಳ್ಳಬಹುದು.

ಮಂಡ್ಯ ಎಂದರೆ ಕನ್ನಂಬಾಡಿ ಕಟ್ಟೆ, ನಾಲೆ, ಕಬ್ಬು ಎಂಬ ಭಾವನೆ ಬಲವಾಗಿರುವುದರಿಂದ ಇದೇ ಜಿಲ್ಲೆಯ ರಾಗಿಹೊಲಗಳ ಕಥೆ ಹಿಂದೆ ಬಿದ್ದಿದೆ. ನಾಗಮಂಗಲದ ದಿಣ್ಣೆಗಳ ನೀರು ಹೊತ್ತು ಪಾಂಡವಪುರದ ಮೇಲೆ ಹಾಯುವ ಲೋಕಪಾವನಿ ಗಂಜಾಮಿನ ಹತ್ತಿರ, ಕರೀಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಮುಂಗಾರಿನ ಮೊದಲ ಅಬ್ಬರಕ್ಕೆ ಅದು ತರುವ ಕೆಂಪುನೀರು ಮೇಲಿನ ಹೊಲಗಳ ಮಣ್ಣೇ. ಈ ಲೇಖನಕ್ಕೆ ಆ ಹಳ್ಳದ ಹೆಸರನ್ನೇ ಇಟ್ಟಿರುವುದು ಅದಕ್ಕಾಗಿ.

ನೆಲ ಮತ್ತು ಮಳೆ

ಇಲ್ಲಿನ ನೆಲ ಹೆಚ್ಚಾಗಿ ನೈಸ್ ಮತ್ತು ಗ್ರಾನೈಟ್ ಶಿಲೆಗಳು ಶಿಥಿಲವಾಗಿ ಆದ ಕೆಂಪು ಮರಳುಮಿಶ್ರಿತ ಮಣ್ಣು. ದಿಣ್ಣೆಯ ನೆತ್ತಿಯಲ್ಲಿ ಗರಸು, ನಡುವೆ ಕೆಂಪುಹೊಲ, ತಗ್ಗಿನಲ್ಲಿ ಆಳವಾದ ಗೋಡು. ವರ್ಷದ ಮಳೆ ಸರಾಸರಿ 700 ಮಿ.ಮೀ. ಆಸುಪಾಸು. ಅದು ಎರಡು ಕಂತಿನಲ್ಲಿ ಸುರಿಯುತ್ತದೆ: ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ನಡುವಿನ ಜೂನ್, ಜುಲೈ ಬರೀ ಗಾಳಿ ಮತ್ತು ತುಂತುರು. ಮೇ ಮಳೆ ಬೀಳುವುದು ಉತ್ತು ಬರಿದಾದ ಹೊಲದ ಮೇಲೆ. ದಪ್ಪ ಹನಿಯ ಏಟಿಗೆ ಹೆಂಟೆಗಳು ಒಡೆದು, ನುಣುಪು ಮಣ್ಣು ರಂಧ್ರಗಳನ್ನು ಮುಚ್ಚಿ, ನೆಲದ ಮೇಲೊಂದು ಹೆಪ್ಪು ಕಟ್ಟುತ್ತದೆ. ಆಮೇಲಿನ ನೀರು ಇಂಗುವುದಿಲ್ಲ, ಓಡುತ್ತದೆ.

ಕೊರಕಲು ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಹೊಲದ ಮೈಯೆಲ್ಲ ಪದರವಾಗಿ ಸವೆಯುವುದು ಯಾರಿಗೂ ಕಾಣದು. ಒಂದು ಎಕರೆಯಲ್ಲಿ 1 ಮಿ.ಮೀ. ದಪ್ಪದ ಮಣ್ಣು ಹೋದರೆ ಅದು 4 ಘನ ಮೀಟರ್, ತೂಕದಲ್ಲಿ 5ರಿಂದ 6 ಟನ್. ಉಗುರಿನಷ್ಟೇ ದಪ್ಪದ ಈ ನಷ್ಟ ರೈತನ ಕಣ್ಣಿಗೆ ಬೀಳುವುದು ಹೊಲದಲ್ಲಿ ಕಲ್ಲು ‘ಹುಟ್ಟಿದಾಗ’. ಕಲ್ಲು ಹುಟ್ಟಿರುವುದಿಲ್ಲ, ಅದರ ಮೇಲಿದ್ದ ಮಣ್ಣು ಹೋಗಿರುತ್ತದೆ.

ಬೇಸಾಯದೊಳಗಿನ ರಕ್ಷಣೆ

ರೈತರು ಇದಕ್ಕೆ ಪ್ರತ್ಯೇಕ ಹೆಸರು ಇಟ್ಟಿರಲಿಲ್ಲ. ಅದು ಬೇಸಾಯದಲ್ಲೇ ಸೇರಿತ್ತು. ಕೊಯ್ಲಾದ ಮೇಲೆ ಹಸಿ ಆರುವ ಮುನ್ನ ಹೂಡುವ ಮಾಗಿ ಉಳುಮೆ ಬೇಸಿಗೆ ಮಳೆಗೆ ನೆಲದ ಬಾಯಿ ತೆರೆದಿಡುತ್ತಿತ್ತು. ರಾಗಿಯನ್ನು ಕೂರಿಗೆಯಲ್ಲಿ ಬಿತ್ತಿ, ಕೆಲವು ಸಾಲಿಗೊಮ್ಮೆ ಅಕ್ಕಡಿಯಾಗಿ ಅವರೆಯನ್ನೋ ತೊಗರಿಯನ್ನೋ ಹುಚ್ಚೆಳ್ಳನ್ನೋ ಇಡುತ್ತಿದ್ದರು. ರಾಗಿ ಕೊಯ್ದ ಮೇಲೂ ನಿಂತಿರುವ ಅವರೆ, ತೊಗರಿಯ ಸಾಲು ಇಳಿಜಾರಿಗೆ ಅಡ್ಡಲಾಗಿದ್ದರೆ ಅದೇ ಒಂದು ಬೇಲಿ. ಎಡೆಕುಂಟೆ ಹೊಡೆಯುವುದನ್ನು ಕಳೆ ತೆಗೆಯುವ ಕೆಲಸವೆಂದಷ್ಟೇ ಪುಸ್ತಕಗಳು ಬರೆಯುತ್ತವೆ. ಹೆಪ್ಪು ಒಡೆಯುವ ಕೆಲಸವೂ ಅದರದೇ. ಹಿಂಗಾರಿಗೆ ಬಿತ್ತುವ ಹುರುಳಿ ನೆಲಕ್ಕೆ ಹಬ್ಬಿ ಅಕ್ಟೋಬರಿನ ಬಿರುಮಳೆಗೆ ಹೊದಿಕೆಯಾಗುತ್ತಿತ್ತು.

ಬದುವಿನ ವಿಷಯ ಬೇರೆ. ಪಾಲಾಗುವಾಗ ಇಲ್ಲಿ ಹೊಲವನ್ನು ಸಾಮಾನ್ಯವಾಗಿ ಇಳಿಜಾರಿನ ಉದ್ದಕ್ಕೆ ಸೀಳುತ್ತಾರೆ. ಅಡ್ಡ ಕತ್ತರಿಸಿದರೆ ಅಣ್ಣನಿಗೆ ಮೇಲಿನ ಗರಸು, ತಮ್ಮನಿಗೆ ಕೆಳಗಿನ ಗೋಡು ಸಿಕ್ಕಿ ಜಗಳ. ಉದ್ದಕ್ಕೆ ಸೀಳಿದರೆ ಇಬ್ಬರಿಗೂ ಎರಡೂ ಸಿಗುತ್ತದೆ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಪಾಲು ಇಲ್ಲ, ಮಣ್ಣಿನ ದೃಷ್ಟಿಯಿಂದ ಇದಕ್ಕಿಂತ ಕೆಟ್ಟದ್ದು ಇಲ್ಲ. ಗಡಿಬದುಗಳೆಲ್ಲ ಇಳಿಜಾರಿನ ಗುಂಟ ನಿಂತು, ನೀರಿಗೆ ಓಣಿ ಮಾಡಿಕೊಟ್ಟವು. ಪಟ್ಟಿ ಕಿರಿದಾದಷ್ಟೂ ಅಡ್ಡ ಉಳುವುದು ಎತ್ತಿಗೂ ಕಷ್ಟ, ಆಳಿಗೂ ಕಷ್ಟ. ಹಾಗಾಗಿ ರೈತರು ಹೊಲದ ಕೆಳಮೂಲೆಯಲ್ಲಿ ಕಲ್ಲು ಪೇರಿಸಿ, ನೀರು ಹರಿದು ಮಣ್ಣು ನಿಲ್ಲುವಂತೆ ಮಾಡುತ್ತಿದ್ದರು. ಬದುವಿನ ಮೇಲೆ ಗರಿಕೆ, ಹೊಂಗೆ, ಬೇವು. ಊರದಾರಿಯ ಅಂಚಿಗೆ ಕತ್ತಾಳೆ. ಮುಂದೆ ವಿಶ್ವಬ್ಯಾಂಕ್ 1980ರ ದಶಕದಲ್ಲಿ ಹೊಸ ತಂತ್ರವೆಂದು ಪ್ರಚಾರ ಮಾಡಿದ ಲಾವಂಚದ ಸಾಲುಗಳು ಮೈಸೂರು ಸೀಮೆಯಲ್ಲೇ, ಗುಂಡ್ಲುಪೇಟೆಯ ಕಡೆ, ಗಡಿಬೇಲಿಯಾಗಿ ಮೊದಲೇ ಇದ್ದವು.

ಕೆರೆ ಮತ್ತು ಗೋಡು

ಹಳೆ ಮೈಸೂರು ಸಂಸ್ಥಾನದಲ್ಲಿ ಸುಮಾರು 38,000 ಕೆರೆಗಳಿದ್ದವೆಂದು 19ನೆಯ ಶತಮಾನದ ಕೊನೆಯ ಗ್ಯಾಸೆಟಿಯರ್ ಲೆಕ್ಕ ಕೊಡುತ್ತದೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಎಂಬಂತೆ ಸರಣಿಯಾಗಿ ಕಟ್ಟಿದ ಈ ಕೆರೆಗಳನ್ನು ನೀರಾವರಿಯ ಇತಿಹಾಸದಲ್ಲಿ ಇಡುವುದು ವಾಡಿಕೆ. ಮಣ್ಣಿನ ಇತಿಹಾಸದಲ್ಲೂ ಅವುಗಳಿಗೆ ಜಾಗ ಬೇಕು. ಪಾಂಡವಪುರದ ಬಳಿಯ ತೊಣ್ಣೂರು ಕೆರೆಯಂಥ, ಬೆಟ್ಟಗಳ ನಡುವಿನ ಆಳದ ಕೆರೆ ಈ ಸೀಮೆಯಲ್ಲಿ ಅಪರೂಪ. ಉಳಿದ ಬಹುಪಾಲು ಕೆರೆಗಳು ತೆಳುವಾದ, ಬೇಸಿಗೆಗೆ ಬತ್ತುವ ಊರಕೆರೆಗಳು. ಬತ್ತುತ್ತಿದ್ದವು ಎನ್ನುವುದೇ ಇಲ್ಲಿ ಮುಖ್ಯ.

ಯುಗಾದಿ ಕಳೆದು ಕೆರೆ ಒಣಗಿದಾಗ ರೈತರು ಗಾಡಿ ಕಟ್ಟಿ ಕೆರೆಯಂಗಳದ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಇಳಿಸಿ ತಂದ ನುಣುಪು ಮಣ್ಣು, ಅದರೊಡನೆ ಬಂದ ಹಿಕ್ಕೆ, ಸಗಣಿ, ಎಲೆಗೊಬ್ಬರ ಎಲ್ಲವೂ ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಮರಳು ಹೆಚ್ಚಿರುವ ಕೆಂಪುಹೊಲಕ್ಕೆ ಈ ಜೇಡಿ ಸೇರಿದರೆ ಹಸಿ ನಿಲ್ಲುವ ದಿನಗಳು ಹೆಚ್ಚುತ್ತವೆ. ಎರಡು ಮಳೆಗಳ ನಡುವೆ ರಾಗಿ ಬಾಡದೆ ಉಳಿಯುವುದು ಆ ಕೆಲವು ದಿನಗಳಿಂದಲೇ. ಒಂದು ಎಕರೆಗೆ ಒಂದು ಅಂಗುಲ ದಪ್ಪ ಗೋಡು ಹರಡಲು 3,630 ಘನ ಅಡಿ ಮಣ್ಣು ಬೇಕು. ಜೋಡೆತ್ತಿನ ಗಾಡಿಗೆ 20ರಿಂದ 25 ಘನ ಅಡಿ ಎಂದು ಹಿಡಿದರೆ ಸುಮಾರು 145ರಿಂದ 180 ಗಾಡಿ. ಯಾವ ರೈತನೂ ಒಂದೇ ವರ್ಷ ಅಷ್ಟು ಹೊಡೆಯುತ್ತಿರಲಿಲ್ಲ. 40 ಗಾಡಿ ಹೊಡೆದರೆ ಕಾಲು ಅಂಗುಲ. ಈ ವರ್ಷ ಒಂದು ಹೊಲಕ್ಕೆ, ಬರುವ ವರ್ಷ ಇನ್ನೊಂದಕ್ಕೆ, ಹೀಗೆ ಸರದಿ ನಡೆಯುತ್ತಿತ್ತು.

ಸವೆತವನ್ನು ತಡೆಯುವುದಷ್ಟೇ ಸಂರಕ್ಷಣೆ ಎಂದು ಇಲಾಖೆಯ ಕೈಪಿಡಿಗಳು ಎಣಿಸುವುದರಿಂದ ಗೋಡು ಹೊಡೆಯುವುದು ಅವುಗಳಲ್ಲಿ ಗೊಬ್ಬರದ ಅಧ್ಯಾಯಕ್ಕೆ ಸೇರಿತು. ಅದು ಸರಿಯಲ್ಲ. ಕೊಚ್ಚಿಹೋದದ್ದನ್ನು ಊರಿನ ಎಲ್ಲೆಯೊಳಗೇ ಹಿಡಿದು ವಾಪಸು ಒಯ್ಯುವ ಕ್ರಮ ಈ ಸೀಮೆಯ ಅತಿ ಹಳೆಯ, ಬಹುಶಃ ಅತಿ ದೊಡ್ಡ ಮಣ್ಣುರಕ್ಷಣೆಯ ಕೆಲಸ. ಕೆರೆ ಹೂಳು ತುಂಬದೆ ಉಳಿಯುತ್ತಿದ್ದದ್ದೂ ಸ್ವಲ್ಪಮಟ್ಟಿಗೆ ಇದರಿಂದಲೇ.

ಕೆರೆಯ ಉಸ್ತುವಾರಿಗೆ ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿ ಕಾನೂನು ತಂದಿತ್ತು. ಊರಿನ ಮಟ್ಟದಲ್ಲಿ ತೂಬು ಎತ್ತುವ, ಏರಿ ನೋಡುವ, ಕೋಡಿಯ ಕಸ ತೆಗೆಯುವ ಕೆಲಸ ನೀರಗಂಟಿಯದು. ಅವನಿಗೆ ಸುಗ್ಗಿಯಲ್ಲಿ ಆಯ, ಜೊತೆಗೆ ಇನಾಮು ಜಮೀನು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯದ ಊರುಚಾಕರಿಗಳನ್ನು ತೆಗೆದುಹಾಕಿತು. ಹುಟ್ಟಿನಿಂದ ಕಟ್ಟುಬಿದ್ದ ಚಾಕರಿ ಹೋದದ್ದು ನ್ಯಾಯವೇ. ಆದರೆ ಆ ಕೆಲಸಕ್ಕೆ ಸಂಬಳದ ಬೇರೆ ಆಳು ಹೆಚ್ಚಿನ ಊರುಗಳಿಗೆ ಬರಲಿಲ್ಲ. ಹೊಲಗಳಿಗೆ ಬದು ಹಾಕಿಸುವ ಕಾಯ್ದೆ ಬಂದದ್ದೂ ಅದೇ 1961ರಲ್ಲಿ.

ಇಲಾಖೆಯ ಬದುಗಳು

ಅಮೆರಿಕದಲ್ಲಿ ಧೂಳುಮಾರುತಗಳ ಬೆನ್ನಿಗೆ 1935ರಲ್ಲಿ ಹ್ಯೂ ಬೆನೆಟ್ ಮುಂದಾಳುತನದಲ್ಲಿ ಮಣ್ಣು ಸಂರಕ್ಷಣಾ ಸೇವೆ ಆರಂಭವಾಯಿತು. ಭಾರತದಲ್ಲಿ ಒಣಬೇಸಾಯದ ಸಂಶೋಧನೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ, ರೋಹ್ಟಕ್ ಕೇಂದ್ರಗಳಲ್ಲಿ 1930ರ ದಶಕದಲ್ಲೇ ನಡೆದಿತ್ತು. ಮುಂಬಯಿ ಪ್ರಾಂತ್ಯ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಮಾಡಿತು. ಹಳೆ ಮೈಸೂರಿನ ಗಮನ ಆಗ ಹೆಚ್ಚಾಗಿ ಕನ್ನಂಬಾಡಿ ಕಟ್ಟೆಯ ಇರ್ವಿನ್ ನಾಲೆಯ ಕಡೆಗಿತ್ತು. 1953ರಲ್ಲಿ ಕೇಂದ್ರ ಮಣ್ಣು ಸಂರಕ್ಷಣಾ ಮಂಡಲಿ, 1954ರಲ್ಲಿ ಬಳ್ಳಾರಿಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಬಂದವು. 1956ರಲ್ಲಿ ರಾಜ್ಯ ಒಂದಾದ ಮೇಲೆ ಮುಂಬಯಿ ಕರ್ನಾಟಕದ ಪದ್ಧತಿಗಳು ಇತ್ತಲೂ ಹರಡಿದವು. 1961ರ ಮೈಸೂರು ಭೂ ಸುಧಾರಣಾ (ಲ್ಯಾಂಡ್ ಇಂಪ್ರೂವ್‌ಮೆಂಟ್) ಕಾಯ್ದೆಯಂತೆ ಯೋಜನೆ ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಒಪ್ಪದವನ ಹೊಲದಲ್ಲೂ ಬದು ಹಾಕಿ ಖರ್ಚನ್ನು ಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಾಯಿತು.

ಕೆಲಸದ ಜೀವಾಳ ಸಮಪಾತಳಿ ಬದು. ಜನರ ಬಾಯಲ್ಲಿ ಕಂಟೂರು ಬದು. ಡಂಪಿ ಲೆವೆಲ್ ಇಟ್ಟು ಒಂದೇ ಮಟ್ಟದ ಗೂಟಗಳನ್ನು ಹೊಡೆದು, ಅವುಗಳ ಗುಂಟ ಒಡ್ಡು ಹಾಕುವುದು. ಎರಡು ಬದುಗಳ ನಡುವಿನ ಇಳಿತವನ್ನು ಅಮೆರಿಕದ ಎಂಜಿನಿಯರ್ ರಾಮ್ಸರ್ ಹೆಸರಿನ ಸೂತ್ರದಿಂದ ತೆಗೆಯುತ್ತಿದ್ದರು: ಇಳಿಜಾರಿನ ಶೇಕಡಾವಾರನ್ನು 3ರಿಂದ ಭಾಗಿಸಿ 2 ಕೂಡಿದರೆ ಅಡಿಗಳಲ್ಲಿ ಉತ್ತರ. ನೂರು ಅಡಿಗೆ 3 ಅಡಿ ಇಳಿಯುವ ಹೊಲಕ್ಕೆ ಇಳಿತ 3 ಅಡಿ, ಬದುಗಳ ಅಂತರ 100 ಅಡಿ. ಇಳಿಜಾರು 6 ಅಡಿಯಾದರೆ ಇಳಿತ 4 ಅಡಿ, ಅಂತರ 67 ಅಡಿ.

ಈ ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸುವುದು ಒಳ್ಳೆಯದು, ಏಕೆಂದರೆ ರೈತರ ತಕರಾರು ಅದರೊಳಗೇ ಇದೆ. ಬದು 2 ಅಡಿ ಎತ್ತರ, ನೆತ್ತಿ 1 ಅಡಿ, ಎರಡೂ ಮಗ್ಗುಲು ಅಡಿಗೆ ಒಂದೂವರೆ ಅಡಿಯಂತೆ ಇಳಿದರೆ ಬುಡ 7 ಅಡಿ, ಅಡ್ಡಕೊಯ್ತ 8 ಚದರ ಅಡಿ. ನೂರು ಅಡಿಗೊಂದು ಬದು ಎಂದರೆ ಎಕರೆಗೆ 435 ಅಡಿ ಉದ್ದ, ಸುಮಾರು 3,500 ಘನ ಅಡಿ ಮಣ್ಣು. ಎಕರೆಗೆ ಒಂದಂಗುಲ ಗೋಡು ಹೊಡೆಯಲು ಬೇಕಾಗುವಷ್ಟೇ ಮಣ್ಣು ಇದು, ಹೆಚ್ಚುಕಡಿಮೆ. ಬುಡದ ಅಡಿ ಹೋಗುವ ನೆಲ ನೂರಕ್ಕೆ 7, ಎಂದರೆ ಎಕರೆಗೆ ಸುಮಾರು 3 ಗುಂಟೆ. ಎರಡು ಎಕರೆಯ ಹಿಡುವಳಿದಾರನಿಗೆ 6 ಗುಂಟೆ ರಾಗಿ ಹೋಗುವುದು ಸಣ್ಣ ಮಾತಲ್ಲ. ಮಣ್ಣು ತೆಗೆದ ಗುಂಡಿಗಳೂ ಅವನ ಹೊಲದಲ್ಲೇ. ಕೂಲಿ ಗುತ್ತಿಗೆಯಾದ್ದರಿಂದ ಅಳತೆಗೆಂದು ಗುಂಡಿಯ ನಡುವೆ ಒಂದೊಂದು ಮಣ್ಣಿನ ಗುಡ್ಡೆಯನ್ನು ಅಗೆಯದೆ ಬಿಡುತ್ತಿದ್ದರು. ಅಳತೆ ಪುಸ್ತಕಕ್ಕೆ ಏರುವವರೆಗೆ ಅದನ್ನು ಮುಟ್ಟುವಂತಿರಲಿಲ್ಲ.

ಮಟ್ಟದ ಗೆರೆಗೆ ಪಹಣಿ ಗೊತ್ತಿಲ್ಲ. ಒಬ್ಬನ ಹೊಲ ಸೀಳಿ, ಇನ್ನೊಬ್ಬನ ಹೊಲದಲ್ಲಿ ತಿರುವು ತೆಗೆದು, ಮೂರನೆಯವನ ಹೊಲದಲ್ಲಿ ಕೋಡಿ ಬಿಡುತ್ತಿತ್ತು. ಹೆಚ್ಚುವರಿ ನೀರು ಬೀಳುವ ಕಡೆ ಇರುವವನು ಸುಮ್ಮನಿರುವುದಿಲ್ಲ. ಒಂದು ಕಡೆ ಒಡೆದ ಬದು ಕೆಳಗಿನ ಎರಡು ಬದುಗಳನ್ನು ಒಡೆಯುತ್ತದೆ ಎಂಬುದೂ ಕೆಲಸದವರಿಗೆ ಬೇಗನೆ ತಿಳಿಯಿತು. ಆಳವಾದ ಕಪ್ಪುಮಣ್ಣಿನಲ್ಲಿ ಸಮಪಾತಳಿ ಬದು ನೀರು ನಿಲ್ಲಿಸಿ, ಬಿರುಕು ಬಿಟ್ಟು ಒಡೆಯುತ್ತದೆಂದು ಬಳ್ಳಾರಿಯ ಅನುಭವ ತೋರಿಸಿತ್ತು. ಮಂಡ್ಯದ ಕೆಂಪುಮಣ್ಣಿಗೆ ಆ ತೊಂದರೆ ಕಡಿಮೆ. ಇಲ್ಲಿ ಬದು ಸೋತಿದ್ದರೆ ಅದಕ್ಕೆ ಮಣ್ಣಿಗಿಂತ ಗಡಿಯೇ ಹೆಚ್ಚು ಕಾರಣವೆಂದು ತೋರುತ್ತದೆ.

ಮೇವಿನ ನೆಲ

ಅಮೃತಮಹಲ್ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದವೆಂದು ವಿಂಗಡಿಸಿ ದನಗಳನ್ನು ಸರದಿಯಂತೆ ಮೇಯಿಸುವ ಕ್ರಮ ಮೈಸೂರಿನಲ್ಲಿ ಹಿಂದಿನಿಂದಲೂ ಇತ್ತು. ಹುಲ್ಲುಗಾವಲಿಗೆ ವಿರಾಮ ಕೊಡಬೇಕೆಂಬ ಪಾಠವನ್ನು ಹೊರಗಿನಿಂದ ತರಬೇಕಾಗಿರಲಿಲ್ಲ. ಆದರೆ ದೊಡ್ಡ ಕಾವಲುಗಳು ಹೆಚ್ಚಾಗಿ ಹಾಸನ, ಕಡೂರು, ತುಮಕೂರು, ಚಿತ್ರದುರ್ಗದ ಕಡೆ. ಇಲ್ಲಿದ್ದದ್ದು ಊರ ಗೋಮಾಳ, ಹುಲ್ಲುಬನ್ನಿ, ಮೇಲುಕೋಟೆ ಮತ್ತು ನಾರಾಯಣದುರ್ಗದ ಕುರುಚಲು ಗುಡ್ಡಗಳು. 1940ರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಿಂದ ಮೊದಲಾಗಿ ಮೇವಿನ ನೆಲ ಸಾಗುವಳಿಗೆ ಹೋಯಿತು, ಉಳಿದದ್ದರ ಮೇಲೆ ಅದೇ ದನ, ಅದೇ ಕುರಿ. ಲಂಟಾನ ಹಬ್ಬಿತು. ದಿಣ್ಣೆಯ ನೆತ್ತಿಯ ಗೋಮಾಳ ಬೋಳಾದರೆ ಅದರ ನೀರು ನುಗ್ಗುವುದು ಕೆಳಗಿನ ಹೊಲಗಳಿಗೇ. ಬದು ಹಾಕುವ ಯೋಜನೆಗಳು ಮಾತ್ರ ಸಾಮಾನ್ಯವಾಗಿ ಹಿಡುವಳಿಯ ಮೇಲ್ಗಡಿಯಿಂದ ಆರಂಭವಾಗುತ್ತಿದ್ದವು.

ಗಂಜಾಂ ಮತ್ತು ನಾಲೆಯ ಊರುಗಳು

ಶ್ರೀರಂಗಪಟ್ಟಣದ ದ್ವೀಪದಲ್ಲಿರುವ ಗಂಜಾಮಿಗೆ ಮಣ್ಣು ಕೊಚ್ಚಿಹೋಗುವ ಚಿಂತೆ ಇರಲಿಲ್ಲ. ಕಾವೇರಿಯ ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ಬರುವ, 17ನೆಯ ಶತಮಾನದ್ದೆನ್ನುವ ಬಂಗಾರದೊಡ್ಡಿ ನಾಲೆ ದ್ವೀಪದ ತೋಟಗಳಿಗೆ ನೀರು ಕೊಡುತ್ತದೆ. ನಾಲೆಯ ಕೆಳಗಿನ ಊರುಗಳಿಗೆ ಬಂದದ್ದು ಹೊಲ ಸವೆಯುವ ತೊಂದರೆಯಲ್ಲ, ಅತಿ ನೀರಿನಿಂದ ಬರುವ ಜೌಗು ಮತ್ತು ಚೌಳು. ಅದಕ್ಕೆ ಮದ್ದು ಬಸಿಗಾಲುವೆ.

ಆಮೇಲೆ

ಗೊರೂರಿನ ಅಣೆಕಟ್ಟಿನಿಂದ ಹೇಮಾವತಿ ನಾಲೆಗಳು ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಗೆ ಹರಿದಲ್ಲಿ ಖುಷ್ಕಿ ಹೊಲಗಳನ್ನು ಗದ್ದೆಗಾಗಿ ಮಟ್ಟ ಮಾಡಲಾಯಿತು. ಬದುಗಳು ಆ ಮಟ್ಟದಲ್ಲಿ ಸೇರಿಹೋದವು. 1980ರ ದಶಕದಲ್ಲಿ ಕನಕಪುರದ ಕಬ್ಬಾಳನಾಲಾ ಯೋಜನೆಯಿಂದ ಜಲಾನಯನ ಎಂಬ ಮಾತು ಬಳಕೆಗೆ ಬಂದು, ಹೊಲವನ್ನೂ ಗೋಮಾಳವನ್ನೂ ಹಳ್ಳವನ್ನೂ ಒಟ್ಟಿಗೆ ನೋಡುವ ಕ್ರಮ ಶುರುವಾಯಿತು. ಕೆರೆಯ ಗೋಡನ್ನು ಈಗ ಒಯ್ಯುವುದು ಟ್ರ್ಯಾಕ್ಟರು, ಟಿಪ್ಪರು. ಅದರಲ್ಲಿ ಎಷ್ಟು ಹೊಲಕ್ಕೆ, ಎಷ್ಟು ಇಟ್ಟಿಗೆಗೂಡಿಗೆ ಎನ್ನುವುದು ಬೇರೆ ವಿಷಯ.

ದಖ್ಖನ್ನಿನ ಒಣಭೂಮಿಯನ್ನು ಕುರಿತು 1990ರ ದಶಕದಲ್ಲಿ ನಡೆದ ಅಧ್ಯಯನಗಳು ಕಂಡದ್ದು ಇಲ್ಲಿಗೂ ಹೊಂದುತ್ತದೆ: ಇಲಾಖೆಯ ಬದುಗಳಲ್ಲಿ ಹಿಡುವಳಿಯ ಗಡಿಗೆ ಕೂಡಿಬಂದವು ಉಳಿದವು, ಹೊಲದ ನಡುವೆ ಹಾಯ್ದವು ವರ್ಷವರ್ಷವೂ ನೇಗಿಲಿಗೆ ಒಂದೊಂದು ಸಾಲು ಸೋತು ನೆಲಕ್ಕೆ ಸಮನಾದವು.